ಚಕ್ರದ ಸದ್ದಿಗೂ ಒಂದು ಲೆಕ್ಕವಿದೆ

ಕಾರಿನಲ್ಲಿ ಹೊಸ ಸದ್ದು ಶುರುವಾದರೆ ಎಲ್ಲರೂ ಕೇಳುವುದು ‘ಎಲ್ಲಿಂದ ಬರ್ತಿದೆ?’ ಅಂತ. ಮೊದಲು ಕೇಳಬೇಕಾದದ್ದು ‘ಯಾವಾಗ ಬದಲಾಗ್ತಿದೆ?’ ಅಂತ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವ ಸದ್ದು ಉಕ್ಕಿನಲ್ಲಿ 5000 ಮೀಟರಿಗೂ ಜಾಸ್ತಿ ಓಡುತ್ತದೆ. ಕಾರಿನ ಮೈಯೆಲ್ಲ ಹಬ್ಬುತ್ತದೆ. ಹಿಂದಿನ ಚಕ್ರದ ಗೊರಗೊರ ಮುಂದಿನ ಸೀಟಿನ ಕೆಳಗೆ ಹುಟ್ಟಿದ ಹಾಗೆ ಕೇಳಿಸಬಹುದು. ಬರೀ ಕಿವಿ ನಂಬಿ ಬಿಡಿಭಾಗ ಬದಲಿಸಿದರೆ ದುಡ್ಡು ಹೋಗುತ್ತದೆ, ಸದ್ದು ಹಾಗೇ ಉಳಿಯುತ್ತದೆ.

ಖಾಲಿ ರಸ್ತೆಯಲ್ಲಿ ಒಂದು ಕ್ಷಣ ಕ್ಲಚ್ ಒತ್ತಿ ನೋಡಿ. ಎಂಜಿನ್ ನಿಧಾನವಾದರೂ ಸದ್ದು ಬದಲಾಗದಿದ್ದರೆ ಅದು ಉರುಳುವ ಯಾವುದೋ ಭಾಗದ್ದು.

ಈಗ ಸಣ್ಣ ಲೆಕ್ಕ. ಸಾಮಾನ್ಯ ಕಾರಿನ ಚಕ್ರ ಒಂದು ಸುತ್ತಿಗೆ 1.9 ಮೀಟರಿನಷ್ಟು ಮುಂದೆ ಹೋಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ 9 ಸುತ್ತು. ಸುತ್ತಿಗೊಮ್ಮೆ ಆಗುವ ತೊಂದರೆ, ಅಂದರೆ ಟೈರ್ ಉಬ್ಬಿರುವುದು ಅಥವಾ ಬ್ಯಾಲೆನ್ಸ್ ತಪ್ಪಿರುವುದು, ಗುಂಯ್ ಅನ್ನಲಾರದು. ಸೆಕೆಂಡಿಗೆ ಸುಮಾರು 20ಕ್ಕಿಂತ ಕಡಿಮೆ ಕಂಪನವನ್ನು ಕಿವಿ ಸ್ವರವಾಗಿ ಕೇಳುವುದಿಲ್ಲ. ಅದು ಸ್ಟೀರಿಂಗ್ ಹಿಡಿದ ಕೈಗೆ ನಡುಕವಾಗಿಯೋ ಬಿಡಿಬಿಡಿ ದಬದಬವಾಗಿಯೋ ಗೊತ್ತಾಗುತ್ತದೆ.

ಹಾಗಾದರೆ ಸವೆದ ಬೇರಿಂಗ್ ಯಾಕೆ ಗುಂಯ್ ಎನ್ನುತ್ತದೆ? ನನಗೆ ಬಹಳ ಇಷ್ಟವಾದ ವಿಷಯ ಇದು. ದಿಮ್ಮಿಗಳ ಮೇಲೆ ಬಂಡೆ ಉರುಳಿಸುವಾಗ ಬಂಡೆ ಎರಡು ಮಾರು ಸರಿದರೆ ದಿಮ್ಮಿ ಒಂದೇ ಮಾರು ಸರಿಯುತ್ತದೆ. ಬೇರಿಂಗ್‌ನಲ್ಲಿ ಅದೇ ಆಟ ದುಂಡಗೆ ನಡೆಯುತ್ತದೆ. ಹೊರಬಳೆ ನಿಂತಿರುತ್ತದೆ, ಒಳಬಳೆ ಚಕ್ರದ ಜೊತೆ ತಿರುಗುತ್ತದೆ, ನಡುವಿನ ಗುಂಡುಗಳು ಹಿಂದೆ ಬೀಳುತ್ತವೆ. ಒಳಬಳೆ ಚಿಕ್ಕದು, ಹಾಗಾಗಿ ಅವು ಅರ್ಧಕ್ಕಿಂತ ತುಸು ಕಡಿಮೆಯೇ, ಚಕ್ರದ ಒಂದು ಸುತ್ತಿಗೆ ಅಂದಾಜು 0.4 ಸುತ್ತು ಹೋಗುತ್ತವೆ. 12 ಗುಂಡುಗಳಿವೆ ಅಂದುಕೊಳ್ಳಿ. ಹೊರಬಳೆಯಲ್ಲಿ ಒಂದು ಕಡೆ ಚಕ್ಕೆ ಎದ್ದಿದ್ದರೆ ಚಕ್ರದ ಒಂದು ಸುತ್ತಿಗೆ ಅಲ್ಲಿ ಹೆಚ್ಚುಕಡಿಮೆ 5 ಏಟು. ಸೆಕೆಂಡಿಗೆ 40ಕ್ಕೂ ಮಿಕ್ಕಿ! ಆ ಏಟುಗಳೇ ಕೂಡಿ ಒಂದು ಸ್ವರ. ವೇಗ ಏರಿದರೆ ಸ್ವರವೂ ಏರುತ್ತದೆ.

ಗಾಡಿಯ ಅಚ್ಚಿಗೆ ಗುಂಡಿನ ಬೇರಿಂಗ್ ಹೊಂದಿಸಿ ವೇಲ್ಸ್‌ನ ಫಿಲಿಪ್ ವಾನ್ 1794ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ಗುಂಡುಗಳು ಒಂದೇ ಅಳತೆಗೆ ಸಿಗಬೇಕಲ್ವಾ? ಒಂದು ಚೂರು ದಪ್ಪ ಇದ್ದರೆ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ಜರ್ಮನಿಯ ಫ್ರೀಡ್ರಿಷ್ ಫಿಷರ್ 1883ರಲ್ಲಿ ಉಕ್ಕಿನ ಗುಂಡುಗಳನ್ನು ಸಮನಾಗಿ ಉಜ್ಜುವ ಯಂತ್ರ ಕಟ್ಟಿದ ಮೇಲೆ ಅಂಥವು ರಾಶಿರಾಶಿ ತಯಾರಾದವು.

ಯಾವ ಬದಿಯ ಬೇರಿಂಗ್ ಎಂದು ತಿಳಿಯಲು ತಿರುವು ನೆರವಾಗುತ್ತದೆ. ಎಡಕ್ಕೆ ತಿರುಗುವಾಗ ಭಾರ ಬಲ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಬಲಬದಿಯ ಮೇಲೆ ಅನುಮಾನ ಪಡಿ. ಏರುಪೇರಾಗಿ ಸವೆದ ಟೈರ್ ಕೂಡ ಥೇಟ್ ಹೀಗೇ ಗುಂಯ್‌ಗುಡುತ್ತದೆ. ಆದರೆ ಒರಟು ರಸ್ತೆಯಿಂದ ನುಣುಪು ರಸ್ತೆಗೆ ಬಂದ ಕೂಡಲೇ ಅದರ ದನಿ ಬದಲಾಗುತ್ತದೆ. ಹಿಂದಿನ, ಮುಂದಿನ ಟೈರ್ ಅದಲುಬದಲು ಮಾಡಿ. ಸದ್ದೂ ಜಾಗ ಬದಲಿಸಿದರೆ ಬೇರಿಂಗ್ ಮುಟ್ಟಬೇಡಿ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಟಕ್ ಟಕ್ ಟಕ್ ಎಂದರೆ ಆಕ್ಸಲ್ ತುದಿಯ ಸಿ.ವಿ. ಜಾಯಿಂಟ್ ನೋಡಿ, ಅಂದರೆ ಚಕ್ರ ಓರೆಯಾದಾಗಲೂ ಅದಕ್ಕೆ ಎಂಜಿನ್ ಶಕ್ತಿ ದಾಟಿಸುವ ಕೀಲು. ರಬ್ಬರ್ ಗವಸು ಹರಿದು ಗ್ರೀಸ್ ಚೆಲ್ಲಿ, ಮಣ್ಣು ಹೊಕ್ಕಿರುತ್ತದೆ.

ಸಸ್ಪೆನ್ಷನ್ ಸದ್ದಿಗೆ ಚಕ್ರದ ತಾಳ ಇಲ್ಲ, ಅದು ರಸ್ತೆಯ ಹಳ್ಳದಿಬ್ಬದ ಲೆಕ್ಕ. ನಿಧಾನವಾಗಿ ಹೋಗುವಾಗ ಸಣ್ಣ ಕುಲುಕಿಗೂ ಕಟಕಟ ಎಂದರೆ ಮೊದಲು ಲಿಂಕ್ ರಾಡ್ (ಕಾರು ವಾಲದಂತೆ ತಡೆಯುವ ಕಂಬಿಯನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಸಣ್ಣ ಸರಳು), ಆಮೇಲೆ ಬುಷ್ (ಕೀಲುಗಳ ರಬ್ಬರ್ ಮೆತ್ತೆ), ಬಾಲ್ ಜಾಯಿಂಟ್ (ಚಕ್ರವನ್ನು ಹಿಡಿದಿರುವ ಗುಂಡುಕೀಲು) ನೋಡಿಸಿ. ಬಾಲ್ ಜಾಯಿಂಟ್ ಸಡಿಲವಿದ್ದರೆ ತಡಮಾಡಬೇಡಿ, ಅದು ಕಳಚಿದರೆ ಚಕ್ರವೇ ವಾಲಿಕೊಳ್ಳುತ್ತದೆ.

ಚಕ್ರ ಬಿಚ್ಚಿ ಹಾಕಿದ ಹೊಸತರಲ್ಲಿ ಸುತ್ತಿಗೊಂದು ಟಕ್ ಕೇಳಿ, ಜೊತೆಗೆ ನಡುಕವೂ ಇದ್ದರೆ ಯಾವ ಪರೀಕ್ಷೆಯೂ ಬೇಡ. ಗಾಡಿ ಬದಿಗೆ ನಿಲ್ಲಿಸಿ ಮೊದಲು ಚಕ್ರದ ನಟ್ಟುಗಳನ್ನು ನೋಡಿ.