ಅಂಬಾಸಿಡರ್ ಹಿಂದಿನ ಸ್ಪ್ರಿಂಗಿನ ಬುಷ್ ಪದೇ ಪದೇ ಯಾಕೆ ಹೋಗುತ್ತದೆ?

ಓದುಗರ ಪ್ರಶ್ನೆ: ಮನೆಯಲ್ಲಿ ಅಪ್ಪನ ಕಾಲದ ಅಂಬಾಸಿಡರ್ ಇದೆ, ಮಾರ್ಕ್ 4. ಹಂಪ್ ಹತ್ತಿ ಇಳಿಯುವಾಗ ಹಿಂದಿನಿಂದ ‘ಧಡ್’ ಅಂತ ಶಬ್ದ ಬರುತ್ತದೆ. ಶಾಕ್ ಅಬ್ಸಾರ್ಬರ್ ಬದಲಾಯಿಸಿದ್ದಾಯಿತು, ಸ್ಪ್ರಿಂಗಿನ ರಬ್ಬರ್ ಬುಷ್ ಕೂಡ ಹೊಸದು ಹಾಕಿಸಿದ್ದಾಯಿತು. ಕೆಲವು ತಿಂಗಳು ಚೆನ್ನಾಗಿತ್ತು, ಈಗ ಮತ್ತೆ ಅದೇ ಕಥೆ. ಸಿಗುವ ಬುಷ್ಷೇ ಕಳಪೆಯಾ? ರಬ್ಬರ್ ಬಿಟ್ಟು ಬೇರೆ ಏನಾದರೂ ಹಾಕಿಸಲಾ?

ಬುಷ್ ಕಳಪೆ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಮೊದಲ ಅನುಮಾನ ಅದರ ಮೇಲೆ ಹೋಗುವುದಿಲ್ಲ. ಬೋಲ್ಟ್ ಟೈಟ್ ಮಾಡುವಾಗ ಗಾಡಿ ಹೇಗೆ ನಿಂತಿತ್ತು ಅಂತ ಮೆಕ್ಯಾನಿಕ್‌ನ ಕೇಳಿ. ಜ್ಯಾಕ್ ಮೇಲಿತ್ತು, ಹಿಂದಿನ ಚಕ್ರ ನೇತಾಡುತ್ತಿತ್ತು ಅಂದರೆ ನಿಮ್ಮ ಬುಷ್ ಬೇಗ ಹೋಗಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 2014ರವರೆಗೂ ತಯಾರಾದ ಈ ಗಾಡಿಯ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಇಂಜಿನ್ ಬದಲಾಯಿತು, ಡ್ಯಾಶ್‌ಬೋರ್ಡ್ ಬದಲಾಯಿತು, ಡೀಸೆಲ್ ಬಂತು, ಹಿಂದೆ ಮಾತ್ರ ಅದೇ ಲೀಫ್ ಸ್ಪ್ರಿಂಗಿನ (ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪ್ಲೇಟುಗಳು) ವ್ಯವಸ್ಥೆ. ಒಂದೊಂದು ಸ್ಪ್ರಿಂಗಿಗೂ ಎರಡು ಕಣ್ಣು, ಅಂದರೆ ಎರಡು ತುದಿಯಲ್ಲಿ ಬಳೆಯ ಹಾಗೆ ಸುತ್ತಿದ ಜಾಗ. ಮುಂದಿನ ಕಣ್ಣು ಬಾಡಿಗೆ ಒಂದು ಬೋಲ್ಟಿನಲ್ಲಿ ನೇರವಾಗಿ ಸೇರಿರುತ್ತದೆ, ಹಿಂದಿನ ಕಣ್ಣು ಶ್ಯಾಕಲ್ ಅನ್ನುವ ತೂಗುವ ಕೊಂಡಿಗೆ. ಭಾರ ಬಿದ್ದಾಗ ಸ್ಪ್ರಿಂಗ್ ಚಪ್ಪಟೆಯಾಗಿ ಉದ್ದ ಆಗುತ್ತದಲ್ಲ, ಆ ಉದ್ದಕ್ಕೆ ಜಾಗ ಕೊಡಲು ಶ್ಯಾಕಲ್ ಹಿಂದೆ ಮುಂದೆ ತೂಗುತ್ತದೆ. ಈ ಜಾಗಗಳಲ್ಲೆಲ್ಲ ಕಬ್ಬಿಣಕ್ಕೆ ಕಬ್ಬಿಣ ತಾಗದ ಹಾಗೆ ಮಧ್ಯೆ ಕೂತಿರುವುದೇ ರಬ್ಬರ್ ಬುಷ್.

ಬುಷ್‌ನಲ್ಲಿ ಎರಡು ಥರ. ಒಂದರಲ್ಲಿ ಹೊರಗೊಂದು, ಒಳಗೊಂದು ಕಬ್ಬಿಣದ ಸ್ಲೀವ್ ಇದ್ದು ಮಧ್ಯೆ ರಬ್ಬರ್ ಅಂಟಿಕೊಂಡಿರುತ್ತದೆ. ಇದನ್ನು ಸೈಲೆಂಟ್ ಬ್ಲಾಕ್ ಅನ್ನುತ್ತಾರೆ. ಇನ್ನೊಂದು ಎರಡು ಹೋಳಾಗಿ ಬರುವ ಬರೀ ರಬ್ಬರ್, ಒಂದೊಂದು ಹೋಳನ್ನು ಒಂದೊಂದು ಕಡೆಯಿಂದ ತುರುಕುವುದು. ನಿಮ್ಮ ಗಾಡಿಯಲ್ಲಿ ಎಲ್ಲೆಲ್ಲಿ ಯಾವುದಿದೆ ಅಂತ ಬಿಚ್ಚುವ ಮೊದಲೇ ನೋಡಿಕೊಳ್ಳಿ, ಇಷ್ಟು ವರ್ಷದಲ್ಲಿ ಯಾರು ಯಾವುದನ್ನು ಹಾಕಿದ್ದಾರೋ ಹೇಳಲು ಬರುವುದಿಲ್ಲ.

ಸೈಲೆಂಟ್ ಬ್ಲಾಕ್‌ನಲ್ಲಿ ಬೋಲ್ಟ್ ಬಿಗಿಯಾದ ಮೇಲೆ ಒಳಗಿನ ಸ್ಲೀವ್ ಬ್ರಾಕೆಟ್ಟಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಅದು ತಿರುಗಬಾರದು. ಹೊರಗಿನ ಸ್ಲೀವ್ ಸ್ಪ್ರಿಂಗಿನ ಕಣ್ಣಿನ ಜೊತೆ ಹೋಗುತ್ತದೆ. ಹಾಗಾದರೆ ತಿರುಗುವುದು ಯಾವುದು? ಯಾವುದೂ ತಿರುಗುವುದಿಲ್ಲ, ರಬ್ಬರ್ ತಿರುಚಿಕೊಳ್ಳುತ್ತದೆ, ಅಷ್ಟೇ. ಹಂಪ್ ಬಂದಾಗ ಈ ಕಡೆ ಸ್ವಲ್ಪ, ಗುಂಡಿಗೆ ಇಳಿದಾಗ ಆ ಕಡೆ ಸ್ವಲ್ಪ, ಮತ್ತೆ ಮಧ್ಯಕ್ಕೆ. ಈಗ ಗಾಡಿ ಎತ್ತಿ, ಚಕ್ರ ನೇತುಬಿದ್ದಾಗ ಬೋಲ್ಟ್ ಬಿಗಿ ಮಾಡಿದಿರಿ ಅಂತಿಟ್ಟುಕೊಳ್ಳಿ. ಆ ನೇತುಬಿದ್ದ ಸ್ಥಿತಿಯೇ ರಬ್ಬರಿಗೆ ‘ಮಧ್ಯ’ ಆಗಿಬಿಟ್ಟಿತು. ಗಾಡಿಯನ್ನು ನೆಲಕ್ಕೆ ಇಳಿಸಿದ ತಕ್ಷಣ ರಬ್ಬರ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ನಿಲ್ಲುತ್ತದೆ, ಶೆಡ್‌ನಲ್ಲಿ ಸುಮ್ನೆ ನಿಂತಿದ್ದರೂ ಹಾಗೇ ಇರುತ್ತದೆ. ಮೇಲಿಂದ ಹಿಂದೆ ಮೂರು ಜನ ಕೂತು ಡಿಕ್ಕಿಯಲ್ಲಿ ಲಗೇಜ್ ತುಂಬಿದರೆ ಇನ್ನೂ ಜಾಸ್ತಿ ತಿರುಚುತ್ತದೆ. ಸ್ಲೀವ್‌ನಿಂದ ರಬ್ಬರ್ ಕಿತ್ತು ಬರುವುದು ಇದರಿಂದಲೇ. ಎರಡು ಹೋಳಿನ ಬುಷ್‌ನಲ್ಲೂ ಹೀಗೇ, ಶ್ಯಾಕಲ್ ಪ್ಲೇಟಿನ ನಡುವೆ ರಬ್ಬರ್ ಒತ್ತಿ ಹಿಡಿದ ಮೇಲೆ ಅದು ಹಿಡಿದ ಜಾಗದಿಂದಲೇ ತಿರುಚಬೇಕು.

ಹಾಗಾಗಿ ಬೋಲ್ಟ್‌ಗಳನ್ನು ಮೊದಲು ಕೈಯಲ್ಲಿ ತಿರುಗಿಸುವಷ್ಟು ಮಾತ್ರ ಹಾಕಿ. ಗಾಡಿಯನ್ನು ಇಳಿಸಿ, ಚಕ್ರದ ಮೇಲೆ ಪೂರ್ತಿ ಭಾರ ಬರಲಿ. ಡಿಕ್ಕಿಯ ಹತ್ತಿರ ನಿಂತು ನಾಲ್ಕೈದು ಸಲ ಜೋರಾಗಿ ಒತ್ತಿ ಬಿಡಿ, ಸ್ಪ್ರಿಂಗ್ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಆಮೇಲೆ ಬಿಗಿ ಮಾಡಿ. ಎಷ್ಟೋ ಗ್ಯಾರೇಜ್‌ಗಳಲ್ಲಿ ಇದನ್ನು ಬಿಡುವುದು ಗೊತ್ತಿಲ್ಲದೆ ಅಲ್ಲ, ನೆಲಕ್ಕೆ ಇಳಿಸಿದ ಮೇಲೆ ಕೆಳಗೆ ನುಗ್ಗಲು ಜಾಗ ಇರುವುದಿಲ್ಲ. ಅದಕ್ಕೇ ಪಿಟ್ ಇರುವ ಅಥವಾ ಚಕ್ರದ ಮೇಲೇ ಗಾಡಿಯನ್ನು ಎತ್ತುವ ರ‍್ಯಾಂಪ್ ಇರುವ ಗ್ಯಾರೇಜ್ ಹುಡುಕಿ. ಬೇರೆ ಯಾವುದರಲ್ಲಿ ರಾಜಿ ಮಾಡಿಕೊಂಡರೂ ಪರವಾಗಿಲ್ಲ, ಇದರಲ್ಲಿ ಬೇಡ.

ಇನ್ನು ಎರಡನೇ ಕಾರಣ ಎಣ್ಣೆ. ನಮ್ಮಲ್ಲಿ ವಾಟರ್ ಸರ್ವಿಸ್ ಆದ ಮೇಲೆ ಗಾಡಿಯ ಕೆಳಗೆಲ್ಲ ಡೀಸೆಲ್ ಅಥವಾ ಹಳೇ ಇಂಜಿನ್ ಆಯಿಲ್ ಸ್ಪ್ರೇ ಮಾಡುವ ಅಭ್ಯಾಸ ಇದೆಯಲ್ವಾ, ತುಕ್ಕು ಹಿಡಿಯಬಾರದು ಅಂತ? ಕಬ್ಬಿಣಕ್ಕೆ ಅದರಿಂದ ಅನುಕೂಲ ಆಗಬಹುದು, ರಬ್ಬರಿಗೆ ಮಾತ್ರ ವಿಷ. ಸಹಜ ರಬ್ಬರ್ ಪೆಟ್ರೋಲಿಯಂ ಎಣ್ಣೆಯನ್ನು ಹೀರಿಕೊಂಡು ಊದುತ್ತದೆ, ಮೆತ್ತಗಾಗುತ್ತದೆ, ಆಮೇಲೆ ಚೂರು ಚೂರಾಗಿ ಉದುರುತ್ತದೆ. ಬಿಚ್ಚಿದ ಹಳೇ ಬುಷ್ ಹೀಗೆ ಊದಿಕೊಂಡು ಕೈಗೆ ಕಪ್ಪು ಅಂಟುತ್ತಿದ್ದರೆ ಎಣ್ಣೆಯದೇ ಕೆಲಸ ಅಂದುಕೊಳ್ಳಿ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ವಯಸ್ಸಾಗಿದೆ. ರಬ್ಬರ್ ಚೆನ್ನಾಗಿಯೇ ಇದ್ದು ಸ್ಲೀವ್‌ನಿಂದ ಸುತ್ತಲೂ ಬಿಟ್ಟುಕೊಂಡಿದ್ದರೆ, ಆಗ ನಾನು ಮೇಲೆ ಹೇಳಿದ ತಿರುಚುವಿಕೆ. ಹಳೇ ಬುಷ್ ಬಿಸಾಡುವ ಮೊದಲು ಕೈಗೆ ತೆಗೆದುಕೊಂಡು ನೋಡಿ, ಅದರಲ್ಲೇ ಬಹಳಷ್ಟು ಗೊತ್ತಾಗುತ್ತದೆ.

ಶಬ್ದ ನಿಜವಾಗಿ ಇಲ್ಲಿಂದಲೇ ಬರುತ್ತಿದೆಯಾ ಅಂತಲೂ ಖಾತ್ರಿ ಮಾಡಿಕೊಳ್ಳಬೇಕು. ಪಿಟ್ ಮೇಲೆ ಗಾಡಿ ನಿಲ್ಲಿಸಿ, ಸ್ಪ್ರಿಂಗಿನ ಕಣ್ಣಿಗೂ ಬ್ರಾಕೆಟ್ಟಿಗೂ ಮಧ್ಯೆ ಉದ್ದನೆಯ ಲಿವರ್ ಹಾಕಿ ಮೀಟಿ ನೋಡಿ. ಬುಷ್ ಸರಿ ಇದ್ದರೆ ಚೂರು ಬಾಗಿ ವಾಪಸ್ ಬರುತ್ತದೆ, ಹೋಗಿದ್ದರೆ ‘ಟಕ್’ ಅಂತ ಕಬ್ಬಿಣ ತಾಗುವುದು ಕೈಗೇ ಗೊತ್ತಾಗುತ್ತದೆ. ಬೋಲ್ಟ್ ಕಣ್ಣಿನ ಮಧ್ಯದಲ್ಲಿಲ್ಲದೆ ಒಂದು ಕಡೆಗೆ ಸರಿದಿದ್ದರೆ, ಶ್ಯಾಕಲ್ ಪ್ಲೇಟಿನ ಮೇಲೆ ಹೊಳೆಯುವ ಉಜ್ಜಿದ ಗುರುತಿದ್ದರೆ ಅನುಮಾನವೇ ಬೇಡ. ಶಾಕ್ ಅಬ್ಸಾರ್ಬರ್ ಕೂರುವ ಜಾಗದ ರಬ್ಬರ್, ಹೌಸಿಂಗನ್ನು (ಹಿಂದಿನ ಆಕ್ಸಲ್ ಕೂತಿರುವ ಕವಚ) ಸ್ಪ್ರಿಂಗಿಗೆ ಹಿಡಿದಿರುವ ಯು ಬೋಲ್ಟ್, ಇವೂ ಇದೇ ಥರ ಸದ್ದು ಮಾಡುತ್ತವೆ. ಅವನ್ನೂ ನೋಡಿ.

ಕೊಳ್ಳುವ ವಿಷಯಕ್ಕೆ ಬಂದರೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೇ ಬುಷ್ ಕೈಯಲ್ಲಿ ಹಿಡಿದು ಹೋಗಿ ಕೇಳುವುದು ಫೋನಿನಲ್ಲಿ ಕೇಳುವುದಕ್ಕಿಂತ ಎಷ್ಟೋ ಮೇಲು. ‘ಕಂಪನಿಯ ಹಳೇ ಸ್ಟಾಕ್, ಪ್ಯಾಕೆಟ್ ಒಡೆದಿಲ್ಲ’ ಅಂದಾಗ ಖುಷಿಪಡಬೇಡಿ. ರಬ್ಬರಿಗೆ ಪ್ಯಾಕೆಟ್ ಒಳಗೂ ವಯಸ್ಸಾಗುತ್ತದೆ. ಉಗುರಿನಿಂದ ಒತ್ತಿ, ಗುರುತು ಮಾಯವಾಗಬೇಕು. ಸ್ವಲ್ಪ ಬಗ್ಗಿಸಿ, ಮೇಲ್ಮೈಯಲ್ಲಿ ಸಣ್ಣ ಬಿರುಕು ಕಂಡರೆ ವಾಪಸ್ ಕೊಡಿ. ಒಳಗಿನ ಸ್ಲೀವ್ ಉದ್ದ ಹಳೆಯದಕ್ಕೆ ಸರಿ ಇದೆಯಾ ಅಂತ ಪಕ್ಕದಲ್ಲಿಟ್ಟು ನೋಡಿ. ಅದು ಗಿಡ್ಡ ಇದ್ದರೆ ಬೋಲ್ಟ್ ಎಷ್ಟು ಬಿಗಿದರೂ ಬ್ರಾಕೆಟ್ ಸ್ಲೀವನ್ನು ಸರಿಯಾಗಿ ಹಿಡಿಯುವುದಿಲ್ಲ. ಎರಡೂ ಕಡೆಯದು ಒಟ್ಟಿಗೆ ಬದಲಾಯಿಸಿ.

ಬಿಚ್ಚುವುದು ಕಷ್ಟದ ಕೆಲಸ, ಅವಸರ ಬೇಡ. ಹಿಂದಿನ ದಿನವೇ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ (ಹೇಗೂ ಬಿಸಾಡುವ ರಬ್ಬರ್, ಇಲ್ಲಿ ತೊಂದರೆ ಇಲ್ಲ). ಇಂಚಿನ ಸ್ಪ್ಯಾನರ್ ಬೇಕು, ಹತ್ತಿರದ ಮಿಲಿಮೀಟರ್ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆ ಸವೆದುಹೋಗುತ್ತದೆ. ಮುಂದಿನ ಚಕ್ರಕ್ಕೆ ಅಡೆ ಕೊಡಿ. ಬಾಡಿಯನ್ನು ಸರಿಯಾದ ಸ್ಟ್ಯಾಂಡ್ ಮೇಲೆ ಕೂರಿಸಿ, ಇಟ್ಟಿಗೆ, ಸೈಜುಕಲ್ಲು ಖಂಡಿತ ಬೇಡ, ಇಟ್ಟಿಗೆ ಹೇಳದೆ ಕೇಳದೆ ಒಡೆಯುತ್ತದೆ. ಹೌಸಿಂಗ್ ಕೆಳಗೆ ಬೇರೆ ಜ್ಯಾಕ್ ಇರಲಿ. ಸ್ಪ್ರಿಂಗ್ ಬಿಚ್ಚಿದ ಮೇಲೆ ಹೌಸಿಂಗಿನ ಭಾರ ಬ್ರೇಕಿನ ರಬ್ಬರ್ ಹೋಸ್ ಮೇಲೆ ಬೀಳಬಾರದು.

ಹಳೇ ಬುಷ್ ಬರದಿದ್ದರೆ ಬೆಂಕಿ ಹಚ್ಚಿ ಸುಡುವವರಿದ್ದಾರೆ. ಆ ಹೊಗೆ ಕೆಟ್ಟದ್ದು, ಬಿಸಿಗೆ ಸ್ಪ್ರಿಂಗ್ ಪ್ಲೇಟಿನ ಹದವೂ ಹೋಗುತ್ತದೆ. ರಬ್ಬರನ್ನು ಡ್ರಿಲ್ ಹಾಕಿ ತೆಗೆದು, ಹೊರಗಿನ ಸ್ಲೀವನ್ನು ಹ್ಯಾಕ್ಸಾ ಬ್ಲೇಡಿನಿಂದ ಒಳಗಿನಿಂದ ಉದ್ದಕ್ಕೆ ಕೊಯ್ಯಿರಿ, ಸ್ಪ್ರಿಂಗಿನ ಕಣ್ಣಿಗೆ ಗಾಯ ಆಗದ ಹಾಗೆ. ಕಣ್ಣು ಇರುವ ಮೇನ್ ಪ್ಲೇಟಿನ ಮೇಲೆ ಸಣ್ಣ ಗೀರು ಬಿದ್ದರೂ ಮುಂದೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಹೊಸದನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬೇಡಿ. ಬೆಂಚ್ ವೈಸ್‌ನಲ್ಲೋ, ಉದ್ದನೆಯ ಬೋಲ್ಟ್ ಮತ್ತು ವಾಷರ್ ಹಾಕಿಯೋ, ಹೊರಗಿನ ಸ್ಲೀವಿಗೆ ಸರಿಹೊಂದುವ ಸಾಕೆಟ್ ಇಟ್ಟು ನಿಧಾನಕ್ಕೆ ಒತ್ತಿ. ಒಳಗಿನ ಸ್ಲೀವ್ ಮೇಲೆ ಒತ್ತಡ ಬಿದ್ದರೆ ರಬ್ಬರಿನ ಅಂಟು ಅಲ್ಲೇ ಬಿಡುತ್ತದೆ. ಎರಡು ಹೋಳಿನದಾದರೆ ಸೋಪಿನ ನೀರು ಸಾಕು, ಗ್ರೀಸ್ ಮುಟ್ಟಬೇಡಿ. ಶ್ಯಾಕಲ್ ಪಿನ್ನಿನಲ್ಲಿ ಸವೆದ ಗೆರೆ ಇದ್ದರೆ ಅದನ್ನೂ ಬದಲಾಯಿಸಿ, ಸವೆದ ಪಿನ್ ಮೇಲೆ ಹೊಸ ರಬ್ಬರ್ ನಿಲ್ಲುವುದಿಲ್ಲ.

ರಬ್ಬರ್ ಬಿಟ್ಟು ಬೇರೆ ಅಂದಿರಲ್ಲ. ಪಾಲಿಯೂರೆಥೇನ್ ಅನ್ನುವ ಪ್ಲಾಸ್ಟಿಕ್ ಥರದ ವಸ್ತು ಗಟ್ಟಿ, ಎಣ್ಣೆಗೂ ಜಗ್ಗುವುದಿಲ್ಲ. ಆದರೆ ಅದು ತಿರುಚುವುದಿಲ್ಲ, ಸ್ಲೀವ್ ಮೇಲೆ ಜಾರುತ್ತದೆ, ಅದಕ್ಕೆ ಸಿಲಿಕೋನ್ ಗ್ರೀಸ್ ಬೇಕು, ಒಣಗಿದರೆ ಕಿರುಗುಟ್ಟುತ್ತದೆ. ಲೇತ್‌ನಲ್ಲಿ ಮಾಡಿಸುವ ನೈಲಾನ್ ಬುಷ್ ಇನ್ನೂ ಗಟ್ಟಿ, ರಸ್ತೆಯ ಪ್ರತಿ ಕಲ್ಲೂ ಸೀಟಿಗೆ ಬರುತ್ತದೆ. ಅಂಬಾಸಿಡರ್ ಹಿಂದಿನ ಸೀಟಿನ ಸುಖಕ್ಕೆ ಆ ಮೆತ್ತನೆಯ ರಬ್ಬರಿನ ಪಾಲೂ ಇದೆ, ಅದನ್ನು ಕಳೆದುಕೊಂಡರೆ ಆ ಗಾಡಿ ಇಟ್ಟುಕೊಂಡು ಏನು ಪ್ರಯೋಜನ? ನಾನಾದರೆ ರಬ್ಬರನ್ನೇ ಹಾಕಿಸುತ್ತೇನೆ.

ಯು ಬೋಲ್ಟ್ ಬಿಚ್ಚಿದ್ದರೆ ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಿ, ಪ್ಲೇಟುಗಳು ಕೂತ ಮೇಲೆ ನಟ್ ಸಡಿಲ ಆಗುವುದುಂಟು. ಮುಂದಿನ ಸಲ ವಾಟರ್ ಸರ್ವಿಸ್‌ಗೆ ಬಿಡುವಾಗ ‘ಹಿಂದೆ ಆಯಿಲ್ ಸ್ಪ್ರೇ ಬೇಡ’ ಅಂತ ಹೇಳಿಯೇ ಬಿಡಿ.