ವಾಟ್ಸಾಪ್ ಲಿಂಕ್‌ಗೆ ಹಾಕಿದ ಹಣ ಜಕಾತ್ ಆಗುತ್ತದಾ?

ಪ್ರಶ್ನೆ: ರಂಜಾನ್ ಬಂದರೆ ಸಾಕು, ವಾಟ್ಸಾಪ್ ತುಂಬ ಸಹಾಯ ಕೇಳುವ ಲಿಂಕ್‌ಗಳು. ಆಪರೇಷನ್, ಶಾಲೆ ಫೀಸು, ಬೋರ್‌ವೆಲ್, ಮಸೀದಿ ಕಟ್ಟಡ, ಎಲ್ಲವೂ ಇರುತ್ತವೆ. ಇವಕ್ಕೆ ಹಣ ಹಾಕಿದರೆ ನನ್ನ ಜಕಾತ್ (ಉಳ್ಳ ಮುಸ್ಲಿಮರು ವರ್ಷಕ್ಕೊಮ್ಮೆ ಕೊಡಲೇಬೇಕಾದ ದಾನ) ಸಂದಾಯ ಆಗುತ್ತದಾ?
– ಒಬ್ಬ ಓದುಗರು, ರಾಯಚೂರು

ಉತ್ತರ: ಕೆಲವಕ್ಕೆ ಆಗುತ್ತದೆ, ಕೆಲವಕ್ಕೆ ಇಲ್ಲ. ಆನ್‌ಲೈನ್ ಅನ್ನುವುದು ಇಲ್ಲಿ ಅಡ್ಡಿಯೇ ಅಲ್ಲ. ನಿಮ್ಮ ಪರವಾಗಿ ಇನ್ನೊಬ್ಬರು ಜಕಾತ್ ತಲುಪಿಸಬಹುದು, ಶರೀಯತ್‌ನಲ್ಲಿ ಅವರು ನಿಮ್ಮ ವಕೀಲ್, ಅಂದರೆ ಪ್ರತಿನಿಧಿ. ಮೊದಲು ಮೊಹಲ್ಲಾದ ಹಿರಿಯರ ಕೈಗೆ ಕೊಡುತ್ತಿದ್ದರು, ಈಗ ಯುಪಿಐ. ನಿಯ್ಯತ್, ಅಂದರೆ ಜಕಾತ್ ಕೊಡುತ್ತಿದ್ದೇನೆ ಅನ್ನುವ ಸಂಕಲ್ಪ, ಮಾತ್ರ ನಿಮ್ಮದೇ ಇರಬೇಕು.

ನೋಡಬೇಕಾದ್ದು ಹಣ ಕೊನೆಗೆ ಯಾರದ್ದಾಯಿತು ಅಂತ. ನಮ್ಮ ಕಡೆ ಜಾಸ್ತಿ ಜನ ಪಾಲಿಸುವ ಹನಫಿ ಪಂಥದ ಪ್ರಕಾರ ಜಕಾತ್ ಬಡವರ ಸ್ವಂತದ್ದಾಗಬೇಕು. ಬೋರ್‌ವೆಲ್, ಮಸೀದಿ ಯಾರೊಬ್ಬರ ಸ್ವಂತವೂ ಅಲ್ಲ. ಅವಕ್ಕೆ ಸದಖಾ, ಅಂದರೆ ಸ್ವಂತ ಇಚ್ಛೆಯ ದಾನ, ಕೊಡಿ, ಧಾರಾಳವಾಗಿ ಕೊಡಿ. ಜಕಾತ್ ಲೆಕ್ಕಕ್ಕೆ ಮಾತ್ರ ಹಿಡಿಯಬೇಡಿ. ಕಷ್ಟದಲ್ಲಿರುವವರು ಬೇರೆ ಧರ್ಮದವರಾದರೂ ಅಷ್ಟೇ, ಸದಖಾ ಕೊಡಬಹುದು.

ಜಕಾತ್ ಯಾರಿಗೆ ಅನ್ನುವುದನ್ನು ಕುರ್‌ಆನಿನ 9ನೇ ಅಧ್ಯಾಯದ 60ನೇ ವಚನ ಹೇಳುತ್ತದೆ. ಎಂಟು ಬಗೆಯ ಜನರಿದ್ದಾರೆ. ಬಡವರು, ನಿರ್ಗತಿಕರ ಜೊತೆ ಸಾಲದಲ್ಲಿ ಮುಳುಗಿದವರೂ ಅದರಲ್ಲಿ ಸೇರಿದ್ದಾರೆ. ವಾರದ ಕಂತಿಗೆ ಹೆದರಿ ಮನೆಗೆ ಬೀಗ ಹಾಕಿ ಹೋಗುವವರನ್ನು ಈ ಭಾಗದಲ್ಲಿ ಕಂಡಿದ್ದೇವೆ ಅಲ್ವಾ? ಇರುವುದರಲ್ಲಿ ಸಾಲ ಕಳೆದರೆ ನಿಸಾಬ್‌ನಷ್ಟೂ (ಜಕಾತ್ ಕಡ್ಡಾಯವಾಗುವ ಕನಿಷ್ಠ ಮೊತ್ತ) ಉಳಿಯದವರಿಗೆ ಜಕಾತ್ ಸಲ್ಲುತ್ತದೆ. ಅವರನ್ನು ಕೇಳಿಕೊಂಡು ನೇರವಾಗಿ ಸಾಲ ಕೊಟ್ಟವರಿಗೇ ಕಟ್ಟಬಹುದು. ಫೋಟೋಕ್ಕೆ ಅಳುವ ಮಗು ಸಿಗುವುದಿಲ್ಲ ಅಂತಲೋ ಏನೋ, ಇಂಥ ಸಾಲ ತೀರಿಸುವ ಲಿಂಕ್ ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ನನ್ನನ್ನು ಕೇಳಿದರೆ ಮೊದಲು ಬರಬೇಕಾದ್ದು ಅದೇ.

ಆಸ್ಪತ್ರೆ ಲಿಂಕ್‌ಗಳು ಸ್ವಲ್ಪ ಸೂಕ್ಷ್ಮ. 5 ಲಕ್ಷ ಬೇಕು ಅಂತ ಕೇಳುತ್ತಾರೆ, ಹಣ ರೋಗಿಯ ಖಾತೆಗೇ ಬೀಳುತ್ತಾ ಹೋಗುತ್ತದೆ ಅನ್ನಿ. ಬಿಲ್ ಇನ್ನೂ ಬಾಕಿ ಬಿದ್ದಿಲ್ಲ, ಖಾತೆಯ ಮೊತ್ತ ನಿಸಾಬ್ ದಾಟಿತು. ಆಗ ಅವರು ಜಕಾತ್ ಪಡೆಯುವವರ ಸಾಲಿನಿಂದ ಆಚೆ ಬರುತ್ತಾರೆ, ಮುಂದೆ ಬೀಳುವ ಜಕಾತ್‌ಗೆ ತಕರಾರು ಏಳುತ್ತದೆ. ಹಣ ದಾನಿಗಳ ಪರವಾಗಿ ಸಂಘಟಕರ ಹತ್ತಿರ ಇದ್ದು, ಬಿಲ್ ಬಂದ ಹಾಗೆಲ್ಲ ರೋಗಿಯ ಒಪ್ಪಿಗೆ ಮೇಲೆ ಕಟ್ಟಿದರೆ ಈ ತೊಡಕಿಲ್ಲ. ಆದರೆ ಕಟ್ಟುವವರೆಗೆ ನಿಮ್ಮ ಜಕಾತ್ ಸಂದಾಯ ಆಗಿರುವುದಿಲ್ಲ. ಹಾಗಾಗಿ ಹಣ ಹಾಕುವ ಮೊದಲೇ ಎರಡು ಮಾತು ಕೇಳಿ: ಜಕಾತ್ ಹಣವನ್ನು ಬೇರೆ ಇಡುತ್ತೀರಾ? ಯಾವಾಗ ಕಟ್ಟುತ್ತೀರಿ? ಸರಿಯಾಗಿ ಹೇಳದಿದ್ದರೆ ಅಲ್ಲಿಗೆ ಸದಖಾ ಸಾಕು.

ಲಿಂಕ್‌ನ ಕೊನೆಯಲ್ಲಿ ಆ ಆ್ಯಪ್‌ನವರು ತಮಗೆಂದು ಕೇಳುವ ‘ಟಿಪ್’ ಜಕಾತ್ ಅಲ್ಲ, ಅದನ್ನು ಮೇಲೆ ಕೊಡಿ. ಬ್ಯಾಂಕ್ ಬಡ್ಡಿಯನ್ನು ಬಡವರಿಗೆ ಕೊಟ್ಟು ಕೈ ತೊಳೆದುಕೊಂಡರೂ ಅದು ಜಕಾತ್ ಆಗುವುದಿಲ್ಲ. ಇನ್ನು ತೆರಿಗೆ: ದಾನಕ್ಕೆ ಸಿಗುವ ಆದಾಯ ತೆರಿಗೆ ರಿಯಾಯಿತಿ (ಜನ 80ಜಿ ಅನ್ನುವುದು) ಅದಕ್ಕೆ ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟರೆ ಮಾತ್ರ, ವ್ಯಕ್ತಿಯ ಖಾತೆಗೆ ಹಾಕಿದರೆ ಇಲ್ಲ.

ಎಷ್ಟು ಕೊಡಬೇಕು? ಹಟ್ಟಿ ಚಿನ್ನದ ಗಣಿ ನಮ್ಮ ಜಿಲ್ಲೆಯಲ್ಲೇ ಇದ್ದರೂ, ನಗದಿಗೆ ಇಲ್ಲಿನ ಉಲಮಾಗಳು (ಧರ್ಮ ವಿದ್ವಾಂಸರು) ಸಾಮಾನ್ಯವಾಗಿ ಹಿಡಿಯುವುದು ಬೆಳ್ಳಿಯ ನಿಸಾಬ್, ಅಂದರೆ ಸುಮಾರು 612 ಗ್ರಾಂ. ಆ ದಿನದ ದರಕ್ಕೆ ಅಷ್ಟು ಬೆಲೆಯ ಹಣ ನಿಮ್ಮಲ್ಲಿದ್ದು ಚಾಂದ್ರಮಾನದ ಒಂದು ವರ್ಷ ಕಳೆದರೆ ಶೇ 2.5, ಲಕ್ಷಕ್ಕೆ 2,500 ರೂಪಾಯಿ.

ಕೊನೆಗೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ತಂದೆ-ತಾಯಿ, ಮಕ್ಕಳು, ಗಂಡ-ಹೆಂಡತಿಗೆ ಜಕಾತ್ ಕೊಡುವಂತಿಲ್ಲ. ಕಷ್ಟದಲ್ಲಿರುವ ಅಣ್ಣ-ತಮ್ಮ, ಅಕ್ಕ-ತಂಗಿ, ಅವರ ಮಕ್ಕಳಿಗೆ ಕೊಡಬಹುದು. ಜಕಾತ್ ಅಂತ ಅವರಿಗೆ ಹೇಳಲೇಬೇಕು ಅಂತೇನಿಲ್ಲ, ಸುಮ್ನೆ ಕೊಟ್ಟು ಬನ್ನಿ.