ಹಳೆ ಪುಟ್ಟ ಕಾರಿಗೆ ಹೊಸ ಎಂಜಿನ್: ಮನೆಯಲ್ಲೇ ಮಾಡುವವರಿಗೆ ಅಧ್ಯಯನ ಟಿಪ್ಪಣಿ

ಎಂಜಿನ್ ಸ್ವಾಪ್ (ಕಾರಿನ ಎಂಜಿನ್ ತೆಗೆದು ಬೇರೆ ಎಂಜಿನ್ ಹಾಕುವುದು) ಕಲಿಯಲು ಹೊರಟವರು ಮೊದಲು ಮಾಡುವ ಕೆಲಸ ಟೇಪ್ ಹಿಡಿದು ಬಾನೆಟ್ ಕೆಳಗಿನ ಜಾಗ ಅಳೆಯುವುದು. ಅಳೆಯಬೇಕು, ಸರಿ. ಆದರೆ ಜಾಗದ ತೊಂದರೆ ಕಣ್ಣಿಗೆ ಕಾಣುತ್ತದೆ. ಗ್ರೈಂಡರ್‌ಗೂ ವೆಲ್ಡಿಂಗ್‌ಗೂ ಬಗ್ಗುತ್ತದೆ. ಕೆಲಸ ತಿಂಗಳುಗಟ್ಟಲೆ ನಿಂತುಬಿಡುವುದು ಬೇರೆ ಕಡೆ. ಹೊಸ ಎಂಜಿನ್ ಒಂಟಿಯಾಗಿ ಓಡುವುದಿಲ್ಲ. ಅದಕ್ಕೆ ತನ್ನ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಬೇಕು, ತನ್ನ ಸೆನ್ಸರ್‌ಗಳು ಬೇಕು, ಎಷ್ಟೋ ಸಲ ತನ್ನ ಕೀ ಕೂಡ ಬೇಕು. ಬೇರೆ ಕಾರಿಗೆ ಬಂದಿದ್ದೇನೆ ಅಂತ ಅದಕ್ಕೆ ಗೊತ್ತೇ ಆಗಬಾರದು. ಈ ಟಿಪ್ಪಣಿಯ ತಿರುಳು ಇಷ್ಟೇ.

ಯಾವ ಎಂಜಿನ್?

ಅದೇ ಕಂಪನಿಯ, ಅದೇ ವಂಶದ ಎಂಜಿನ್ ಆದರೆ ಅರ್ಧ ಕೆಲಸ ಕಡಿಮೆ. 1990ರ ದಶಕದ ಹೋಂಡಾ ಸಿವಿಕ್ ಇದಕ್ಕೆ ಒಳ್ಳೆಯ ಪಾಠ. ಆ ಕಾರಿನ ಮೂಲ ಡಿ-ಸೀರೀಸ್ ಎಂಜಿನ್ ತೆಗೆದು ಬಿ-ಸೀರೀಸ್ ಹಾಕುವುದು ಸಲೀಸು. ಹೋಂಡಾದ್ದೇ ಮೌಂಟ್ (ಎಂಜಿನ್ ಹಿಡಿದಿಡುವ ಆಧಾರ), ಹೋಂಡಾದ್ದೇ ಡ್ರೈವ್‌ಶಾಫ್ಟ್‌ಗಳಲ್ಲಿ (ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ದಂಡ) ಹೆಚ್ಚಿನ ಕೆಲಸ ಮುಗಿಯುತ್ತದೆ. ಅದೇ ಕಾರಿಗೆ 2001ರಲ್ಲಿ ಬಂದ ಕೆ-ಸೀರೀಸ್ ಹಾಕಲು ಹೋದರೆ ಕಥೆಯೇ ಬೇರೆ. ಪುಲ್ಲಿ ಕಡೆಯಿಂದ ನೋಡಿದರೆ ಬಿ-ಸೀರೀಸ್ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ, ಕೆ-ಸೀರೀಸ್ ಮುಳ್ಳಿನ ದಿಕ್ಕಿಗೇ ತಿರುಗುತ್ತದೆ. ಗೇರ್‌ಬಾಕ್ಸ್ ಕೂರುವ ಬದಿ ಬದಲಾಗುತ್ತದೆ. ಮುಂದಿದ್ದ ಎಕ್ಸಾಸ್ಟ್ ಹಿಂದೆ ಹೋಗುತ್ತದೆ. ಕಂಪನಿ ಒಂದೇ ಆದರೂ ಮೌಂಟ್, ಶಾಫ್ಟ್, ಪೈಪ್ ಎಲ್ಲಾ ಹೊಸದಾಗಿ ಬೇಕು. ಹೆಸರು ನೋಡಿ ನಂಬಬೇಡಿ, ಬ್ಲಾಕ್ ಯಾವ ವಂಶದ್ದು ಅಂತ ನೋಡಿ.

ಸಾಧ್ಯವಾದರೆ ಎಂಜಿನ್ ಮಾತ್ರ ಕೊಳ್ಳದೆ ಅದಿರುವ ಇಡೀ ಕಾರನ್ನೇ ಕೊಳ್ಳಿ. ಬಿಚ್ಚುವ ಮೊದಲು ಅದು ಓಡುವುದನ್ನು ಕಿವಿಯಾರೆ ಕೇಳಬಹುದು, ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಸಿಲಿಂಡರಿನೊಳಗೆ ಏರುವ ಒತ್ತಡ) ಅಳೆಯಬಹುದು. ಕಂಪ್ರೆಷನ್‌ನಲ್ಲಿ ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಮುಖ್ಯ. ಅದು ಶೇಕಡಾ 10 ದಾಟಿದರೆ ಕಾರಣ ಹುಡುಕಬೇಕು. ಆ ಕಾರಿನಿಂದ ಗೇರ್‌ಬಾಕ್ಸ್, ಡ್ರೈವ್‌ಶಾಫ್ಟ್, ಇಸಿಯು, ಫ್ಯೂಸ್ ಬಾಕ್ಸ್, ಕೀ, ಕೀ ತೂರಿಸುವ ಜಾಗದ ಸುತ್ತ ಇದ್ದು ಕೀಯನ್ನು ಗುರುತಿಸುವ ರೀಡರ್ ರಿಂಗ್, ಎಲೆಕ್ಟ್ರಾನಿಕ್ ಆಗಿದ್ದರೆ ಆಕ್ಸಿಲರೇಟರ್ ಪೆಡಲ್ ಎಲ್ಲವನ್ನೂ ತೆಗೆದಿಟ್ಟುಕೊಳ್ಳಿ. ವೈರಿಂಗ್ ಹಾರ್ನೆಸ್ (ಎಲ್ಲಾ ವೈರ್‌ಗಳನ್ನು ಒಟ್ಟಿಗೆ ಕಟ್ಟಿದ ಕಂತೆ) ಒಂದು ಕಡೆಯೂ ಕತ್ತರಿಸದೆ ಪೂರ್ತಿ ಬರಬೇಕು. ವೈರ್ ಜೋಡಿಸುವ ಪ್ಲಗ್ ಹತ್ತಿರವೇ ವೈರ್ ಕತ್ತರಿಸಿದ ಎಂಜಿನ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ನಾನು ಮುಟ್ಟುವುದಿಲ್ಲ.

ಕೂರಿಸುವುದು

ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಜೋಡಿಸಿಯೇ ಇಳಿಸಿ. ಎಲ್ಲಿ ಕೂರಬೇಕು ಅನ್ನುವುದನ್ನು ಡ್ರೈವ್‌ಶಾಫ್ಟ್ ಹೇಳುತ್ತದೆ. ಮೌಂಟ್‌ಗಳಿಗೆ ಮೊದಲು ಸುಮ್ನೆ ಟ್ಯಾಕ್ ವೆಲ್ಡ್ (ಅಲ್ಲಲ್ಲಿ ಚುಕ್ಕಿಯಂಥ ತಾತ್ಕಾಲಿಕ ವೆಲ್ಡ್) ಹಾಕಿ. ಶಾಫ್ಟ್ ಹಾಕಿ ಸಸ್ಪೆನ್ಶನ್ ಪೂರ್ತಿ ಇಳಿಬಿಡಿ, ಪೂರ್ತಿ ಮೇಲೆತ್ತಿ, ಸ್ಟೀರಿಂಗ್ ಎರಡೂ ಕೊನೆಗೆ ತಿರುಗಿಸಿ. ಒಳಗಿನ ಜಾಯಿಂಟ್ ಒಳಗೂ ಹೊರಗೂ ಜಾರಬೇಕು. ಎಲ್ಲೂ ತಳಕ್ಕೆ ಬಡಿಯಬಾರದು, ಎಲ್ಲೂ ಕಳಚಿಕೊಳ್ಳಬಾರದು. ಇದೆಲ್ಲ ಸರಿ ಅನ್ನಿಸಿದ ಮೇಲೆ ಎಂಜಿನ್ ಹೊರತೆಗೆದು ಪೂರ್ತಿ ವೆಲ್ಡ್ ಮಾಡಿ.

ಎಂಜಿನ್ ಮೂಲ ಕಾರಿನಲ್ಲಿ ಎಷ್ಟು ವಾಲಿತ್ತೋ ಇಲ್ಲೂ ಅಷ್ಟೇ ವಾಲಿರಲಿ. ಸಂಪ್‌ನಲ್ಲಿ (ಎಂಜಿನ್ ತಳದ ಆಯಿಲ್ ತಟ್ಟೆ) ಆಯಿಲ್ ಎಳೆಯುವ ಪೈಪ್ ಇರುವ ಜಾಗ, ಹೆಡ್‌ನಿಂದ ಆಯಿಲ್ ಕೆಳಗಿಳಿಯುವ ದಾರಿ, ಎರಡೂ ಆ ಕೋನಕ್ಕೇ ಲೆಕ್ಕ ಹಾಕಿ ಮಾಡಿದವು. ಸಂಪ್ ಕಾರಿನ ತಳದ ಅಡ್ಡ ತೊಲೆಯಾದ ಕ್ರಾಸ್‌ಮೆಂಬರ್‌ಗಿಂತ ಕೆಳಗೆ ಜೋಲಬಾರದು. ಎಂಜಿನ್ ಹೊರಗಿರುವಾಗಲೇ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಹಿಂದಿನ ಕ್ರ್ಯಾಂಕ್ ಸೀಲ್, ಕ್ಲಚ್ ಬದಲಾಯಿಸಿಬಿಡಿ. ಇನ್ನೊಂದು ಮಾತು: ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗಾಗಲಿ, ಹಾಯ್ಸ್ಟ್‌ಗೆ ನೇತಾಡುವ ಎಂಜಿನ್ ಕೆಳಗಾಗಲಿ ಕೈಕಾಲು ಇಡಲೇಬೇಡಿ.

ವೈರಿಂಗ್

ಹೊಸ ಹಾರ್ನೆಸ್ ನೋಡಿದರೆ ಎದೆ ಒಡೆಯುತ್ತದೆ. ಹೆದರಬೇಡಿ. ಅದರ ಹೆಚ್ಚಿನ ವೈರ್‌ಗಳು ಎಂಜಿನ್‌ಗೂ ಇಸಿಯುಗೂ ನಡುವೆ ಓಡಾಡುವವು, ಅವನ್ನು ಮುಟ್ಟುವ ಅಗತ್ಯವೇ ಇಲ್ಲ. ಹಳೆ ಕಾರಿಗೆ ಸೇರಬೇಕಾದವು ಕೆಲವೇ: ಸದಾ ಇರುವ 12 ವೋಲ್ಟ್, ಕೀ ತಿರುಗಿಸಿದಾಗ ಬರುವ 12 ವೋಲ್ಟ್, ಸ್ಟಾರ್ಟರ್, ಇಂಧನ ಪಂಪ್ ರಿಲೇ (ರಿಲೇ ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್), ಫ್ಯಾನ್ ರಿಲೇ, ವೇಗದ ಸಿಗ್ನಲ್, ಡ್ಯಾಶ್‌ಬೋರ್ಡಿನ ಮೀಟರ್ ಮತ್ತು ದೀಪಗಳು, ಫಾಲ್ಟ್ ಕೋಡ್ ಓದುವ ಸಾಕೆಟ್. ವೈರಿಂಗ್ ಡಯಾಗ್ರಾಂ ಮುದ್ರಿಸಿಕೊಂಡು ಒಂದೊಂದೇ ಗುರುತು ಹಾಕುತ್ತಾ ಹೋಗಿ.

ಇಲ್ಲಿ ಎರಡು ವಿಷಯ ನಿಧಾನವಾಗಿ ನೋಡಬೇಕು. ಮೊದಲನೆಯದು, ಕೀ ತಿರುಗಿಸಿದಾಗ ಬರುವ 12 ವೋಲ್ಟ್. ಹಳೆ ಕಾರುಗಳಲ್ಲಿ ಕೆಲವು ಲೈನ್‌ಗಳು ಸ್ಟಾರ್ಟರ್ ತಿರುಗುವಾಗ ಕರೆಂಟ್ ಬಿಟ್ಟುಬಿಡುತ್ತವೆ. ರೇಡಿಯೋಗೆ ಅದು ಸರಿ, ಇಸಿಯುಗೆ ಅಲ್ಲ. ಅಂಥ ಲೈನ್‌ಗೆ ಇಸಿಯು ಜೋಡಿಸಿದರೆ ಸ್ಟಾರ್ಟರ್ ತಿರುಗುತ್ತಲೇ ಇರುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಕೀ ಬಿಟ್ಟ ಕ್ಷಣದಲ್ಲಿ ಮಾತ್ರ ಒಮ್ಮೆ ಕೆಮ್ಮಿದಂತೆ ಮಾಡುತ್ತದೆ. ಆ ವೈರ್‌ಗೆ ಮಲ್ಟಿಮೀಟರ್ ಇಟ್ಟು ಸ್ಟಾರ್ಟರ್ ತಿರುಗಿಸಿ ನೋಡಿ. ಸುಮಾರು 10 ವೋಲ್ಟ್‌ಗೆ ಇಳಿದರೆ ಪರವಾಗಿಲ್ಲ. ಸೊನ್ನೆಗೆ ಬಿದ್ದರೆ ಬೇರೆ ಲೈನ್ ಹುಡುಕಿ.

ಎರಡನೆಯದು ಅರ್ಥ್ (ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ). ಎಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರುತ್ತದೆ, ಅಂದರೆ ಬಾಡಿಗೂ ಅದಕ್ಕೂ ವಿದ್ಯುತ್ ಸಂಬಂಧವೇ ಇಲ್ಲ. ಸ್ಟಾರ್ಟರ್ ಎಳೆಯುವ ನೂರಕ್ಕೂ ಜಾಸ್ತಿ ಆಂಪಿಯರ್ ಯಾವುದೋ ದಾರಿಯಲ್ಲಿ ಬ್ಯಾಟರಿಗೆ ವಾಪಸ್ ಹೋಗಲೇಬೇಕಲ್ವಾ? ಅರ್ಥ್ ಪಟ್ಟಿ ಹಾಕದಿದ್ದರೆ ಅದು ಆಕ್ಸಿಲರೇಟರ್ ಕೇಬಲ್ಲನ್ನೋ ಗೇರ್ ಕೇಬಲ್ಲನ್ನೋ ಹಿಡಿಯುತ್ತದೆ. ಕೇಬಲ್ ಕಾದು ಹೊದಿಕೆ ಕರಗುತ್ತದೆ. ಪರೀಕ್ಷೆ ಸುಲಭ: ಮೀಟರಿನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕ್‌ಗೆ ಇಟ್ಟು ಸ್ಟಾರ್ಟರ್ ತಿರುಗಿಸಿ. 0.2 ವೋಲ್ಟ್ ಆಸುಪಾಸಿನೊಳಗಿದ್ದರೆ ಅರ್ಥ್ ಚೆನ್ನಾಗಿದೆ. ಅದಕ್ಕಿಂತ ಬಹಳ ಮೇಲೆ ಹೋದರೆ ಪಟ್ಟಿ ತೆಳುವಾಗಿದೆ, ಇಲ್ಲವೇ ಅದರ ಕೆಳಗೆ ಪೇಂಟ್ ಉಳಿದಿದೆ.

ಎಂಜಿನ್ ಹಿಡಿದು ಒಂದೆರಡು ಸೆಕೆಂಡಲ್ಲಿ ನಿಂತುಹೋಗುತ್ತಿದ್ದರೆ ಇಮೊಬಿಲೈಸರ್ (ಸರಿಯಾದ ಕೀ ಗುರುತಿಸದಿದ್ದರೆ ಎಂಜಿನ್ ಓಡಲು ಬಿಡದ ಕಳ್ಳತನ ತಡೆ) ಮೇಲೆ ಅನುಮಾನ ಪಡಿ. ಅದಕ್ಕೇ ಕೀ ಮತ್ತು ರಿಂಗ್ ತನ್ನಿ ಅಂದದ್ದು.

ಪೆಟ್ರೋಲ್, ಬ್ರೇಕ್

ಕಾರ್ಬ್ಯುರೇಟರ್ ಕಾರಿನ ಪಂಪ್ ಕೊಡುವ ಒತ್ತಡ ಸುಮಾರು 0.3 ಬಾರ್. ಸಾಮಾನ್ಯ ಇಂಜೆಕ್ಷನ್‌ಗೆ 3 ಬಾರ್ ಆಸುಪಾಸು ಬೇಕು, ಹೆಚ್ಚುಕಡಿಮೆ ಹತ್ತು ಪಟ್ಟು. ಹಾಗಾಗಿ ಪಂಪ್ ಜೊತೆಗೆ ಹೋಸ್, ಕ್ಲಿಪ್ ಎಲ್ಲವೂ ಆ ಒತ್ತಡಕ್ಕೆ ತಕ್ಕವೇ ಆಗಬೇಕು. ಪಂಪನ್ನು ನೇರವಾಗಿ ಕೀಗೆ ಜೋಡಿಸಬೇಡಿ. ಇಸಿಯು ರಿಲೇ ಮೂಲಕವೇ ಹೋಗಲಿ. ಎಂಜಿನ್ ನಿಂತ ಕೂಡಲೇ ಇಸಿಯು ಪಂಪ್ ನಿಲ್ಲಿಸುತ್ತದೆ. ನೇರ ಜೋಡಿಸಿದ ಪಂಪ್ ಅಪಘಾತದಲ್ಲಿ ಪೈಪ್ ಹರಿದಿದ್ದರೂ ಪೆಟ್ರೋಲ್ ಸುರಿಸುತ್ತಲೇ ಇರುತ್ತದೆ.

ಶಕ್ತಿ ಜಾಸ್ತಿಯಾದರೆ ಬ್ರೇಕ್ ಕೂಡ ಬಲವಾಗಬೇಕು, ಎಂಜಿನ್ ಭಾರವಾಗಿದ್ದರೆ ಮುಂದಿನ ಸ್ಪ್ರಿಂಗ್ ಕೂಡ. ನೋಂದಣಿ ಮತ್ತು ಹೊಗೆಯ ನಿಯಮಗಳು ದೇಶಕ್ಕೊಂದು ಥರ. ಎಂಜಿನ್ ಕೊಳ್ಳುವ ಮೊದಲೇ ವಿಚಾರಿಸಿ.

ಮೊದಲ ಸ್ಟಾರ್ಟ್

ಪಂಪ್ ರಿಲೇ ಕಿತ್ತಿಟ್ಟು, ಸ್ಟಾರ್ಟರನ್ನು ಸ್ವಲ್ಪ ಸ್ವಲ್ಪ ಹೊತ್ತು ತಿರುಗಿಸಿ, ಆಯಿಲ್ ದೀಪ ಆರುವವರೆಗೆ. ಆಮೇಲೆ ರಿಲೇ ಹಾಕಿ, ಕೀ ಆನ್ ಮಾಡಿ, ಪೆಟ್ರೋಲ್ ಪೈಪಿನ ಪ್ರತಿ ಜೋಡಣೆಯನ್ನೂ ಒಣ ಬಟ್ಟೆಯಿಂದ ಒರೆಸಿ ಸೋರಿಕೆ ನೋಡಿ. ಕೀ ಆನ್ ಮಾಡಿದಾಗ ಪಂಪ್ ಕೆಲವು ಸೆಕೆಂಡು ಮಾತ್ರ ಓಡಿ ನಿಲ್ಲುತ್ತದೆ, ಅದು ಸಹಜ. ಎಂಜಿನ್ ಹಿಡಿದ ಮೇಲೆ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಕೂಲೆಂಟಿನ ಗಾಳಿ ತೆಗೆಯಿರಿ, ಫ್ಯಾನ್ ತಾನಾಗಿಯೇ ಶುರುವಾಗುವವರೆಗೆ ಕಾರು ಬಿಟ್ಟು ಹೋಗಬೇಡಿ. ಫಾಲ್ಟ್ ಕೋಡ್ ಸಾಕೆಟ್‌ಗೆ ಜೋಡಿಸಿದ ಸ್ಕ್ಯಾನರ್‌ನಲ್ಲಿ ಕೂಲೆಂಟ್ ತಾಪಮಾನ ಒಂದೇ ಸಮನೆ ಏರುತ್ತಿರಬೇಕು. ಅದು ಇದ್ದಕ್ಕಿದ್ದಂತೆ ಹಾರಿದರೆ ಒಳಗೆ ಇನ್ನೂ ಗಾಳಿ ಇದೆ ಅಂತ ಅರ್ಥ: ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಡಿ, ಮತ್ತೆ ಗಾಳಿ ತೆಗೆಯಿರಿ.